ಕೊಂಡಿ ಹಾಕಿದ ಪುಸ್ತಕಗಳು

ನಿವೃತ್ತಿ ಎಂದರೆ ಅರವತ್ತು ವರ್ಷ, ಹಾರ, ಶಾಲು, ಭಾಷಣ ಎಂದು ಎಲ್ಲರೂ ತಿಳಿದಿದ್ದಾರೆ. ನಾನು ಮೂವತ್ತನಾಲ್ಕನೆಯ ವಯಸ್ಸಿಗೆ ನಿವೃತ್ತಳಾದೆ. ಹಾರ ಇರಲಿಲ್ಲ, ಯಾಕೆಂದರೆ ಹಾರ ಹಾಕಬೇಕಾದ ಕಚೇರಿಯೇ ಮುಚ್ಚಿತು.

ಬಾಗಲಕೋಟೆಯ ನವನಗರದಲ್ಲಿ ಒಂದೇ ಕೋಣೆಯ ಕಚೇರಿ ನಮ್ಮದು. ಪಾಸ್‌ಪೋರ್ಟಿನ ಅರ್ಜಿ ತುಂಬುವುದು, ವೀಸಾದ ಕಾಗದ ಜೋಡಿಸುವುದು, ವಿಮಾನದ ಟಿಕೆಟ್ ತೆಗೆಯುವುದು. ಇವುಗಳ ಜೊತೆಗೆ, ಗೋಡೆಗೆ ಒರಗಿದ್ದ ಗಾಜಿನ ಕಪಾಟಿನಿಂದ ಪರದೇಶ ಪ್ರವಾಸದ ಇಂಗ್ಲಿಷ್ ಮಾರ್ಗದರ್ಶಿ ಪುಸ್ತಕಗಳನ್ನು ಎರವಲು ಕೊಡುವುದು. ಮೊದಲ ಮೂರು ಕೆಲಸಗಳನ್ನು ಈಗ ಎಲ್ಲರೂ ಮನೆಯಲ್ಲೇ ಫೋನಿನಲ್ಲಿ ಮಾಡಿಕೊಳ್ಳುತ್ತಾರೆ. ನಾಲ್ಕನೆಯದು ನನ್ನ ಕೆಲಸ. ಹನ್ನೆರಡು ವರ್ಷ ಅದನ್ನೇ ಮಾಡಿದೆ.

ಕಪಾಟು ಈಗ ಒಂದು ವಾಚನಾಲಯಕ್ಕೆ ಹೋಗುತ್ತಿದೆ. ಅದನ್ನು ನೋಡಿಕೊಳ್ಳಲು ಇಬ್ಬರು ಹುಡುಗಿಯರು ಬಂದಿದ್ದಾರೆ. ಯಾರಿಗೆ ಯಾವ ಪುಸ್ತಕ ಕೊಡಬೇಕು ಎಂಬುದನ್ನು ಬರೆದುಕೊಡಿ ಎಂದು ಅವರು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನನ್ನ ಬಳಿ ಹನ್ನೆರಡು ವಹಿಗಳಿವೆ, ವರ್ಷಕ್ಕೊಂದು. ದಿನವೂ ಸಂಜೆ ಬಾದಾಮಿ ದಾಟಿ ಊರಿಗೆ ಹೋಗುವ ಬಸ್ಸಿನಲ್ಲಿ ಕೂತು ಅಂದಿನದನ್ನು ಬರೆಯುತ್ತಿದ್ದೆ. ಕುಲುಕಾಟದ ಅಕ್ಷರ, ಆದರೆ ಲೆಕ್ಕ ಸರಿಯಿದೆ. ಕಚೇರಿಯ ಕೊನೆಯ ದಿನದ ಬೆಳಗಿನ ತನಕ ಕೊಟ್ಟ ಪುಸ್ತಕ ೨೮೬. ಮರಳಿದ್ದು ೨೮೧. ಕಳೆದದ್ದು ನಾಲ್ಕು. ಬಾಕಿ ಒಂದು. ನಾನು ಪರದೇಶಕ್ಕೆ ಹೋದದ್ದು ಸೊನ್ನೆ.

ಕೊನೆಯ ಅಂಕಿಯನ್ನು ಮುಚ್ಚಿಡಬಹುದಿತ್ತು. ಆದರೆ ಅದನ್ನು ಬಿಟ್ಟರೆ ಉಳಿದ ಲೆಕ್ಕ ಅರ್ಥವಾಗುವುದಿಲ್ಲ.

ನನ್ನ ಊರು ಚೊಳಚಗುಡ್ಡ. ಅವ್ವ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಮೊಸರು, ಚಟ್ನಿ ಮಾರುತ್ತಾಳೆ. ಸಾಲಿ ಬಿಡುವಿದ್ದಾಗ ಬಾದಾಮಿಯ ಮೇಣಬಸದಿ ಗುಹೆಗಳ ಮೆಟ್ಟಿಲ ಮೇಲೆ ಕೂತು ಬಿಳಿಯ ಜನರನ್ನು ನೋಡುತ್ತಿದ್ದೆ. ಅವರ ಕೈಯಲ್ಲಿ ದಪ್ಪ ಪುಸ್ತಕವೊಂದು ಇರುತ್ತಿತ್ತು. ಪುಸ್ತಕ ನೋಡುವರು, ಕಲ್ಲು ನೋಡುವರು, ಮತ್ತೆ ಪುಸ್ತಕ ನೋಡುವರು. ನಮ್ಮ ಊರಿನ ವಿಷಯ ಅವರ ಪುಸ್ತಕದಲ್ಲಿ ಇದೆಯಲ್ಲ, ಅವರ ಊರಿನ ವಿಷಯ ಯಾವ ಪುಸ್ತಕದಲ್ಲಿದೆ ಎಂದು ನನಗೆ ತಿಳಿಯಬೇಕಿತ್ತು. ಆಸೆ ಹುಟ್ಟಿದ್ದು ಅಲ್ಲಿ.

ಕೆಲಸ ಕೇಳಲು ಹೋದಾಗ ಮಾಲಕರಾದ ಶಂಕ್ರಪ್ಪ ಸರ್ ನನ್ನ ಅಂಕಪಟ್ಟಿ ನೋಡಲಿಲ್ಲ. ಭಾರತದ ಮೇಲಿನ ಒಂದು ಮಾರ್ಗದರ್ಶಿ ಪುಸ್ತಕ ತೆಗೆದು ಬಾದಾಮಿಯ ಪುಟ ಬಿಚ್ಚಿ ಎದುರಿಗಿಟ್ಟರು. ಇದರಲ್ಲಿ ತಪ್ಪು ಏನಿದೆ ಹುಡುಕು ಎಂದು ಹೇಳಿ ಚಹಾ ಕುಡಿಯಲು ಹೋದರು. ಅವರು ಬರುವಷ್ಟರಲ್ಲಿ ನಾನು ಎರಡು ಬರೆದಿದ್ದೆ: ಮುಚ್ಚಿ ಹೋದ ಖಾನಾವಳಿಯನ್ನು ಹೊಗಳಿದ್ದಾರೆ, ನಕಾಶೆಯಲ್ಲಿ ಬಸ್ ನಿಲ್ದಾಣ ರಸ್ತೆಯ ಆಚೆ ಹೋಗಿದೆ. ಸ್ವಲ್ಪ ಅನುಮಾನಿಸಿ ಮೂರನೆಯದನ್ನೂ ಹೇಳಿದೆ. ಬನಶಂಕರಿಯಲ್ಲಿ ಹೊಟ್ಟೆ ತುಂಬ ರೊಟ್ಟಿ ಸಿಗುತ್ತದೆ ಎಂಬುದನ್ನು ಇವರು ಬರೆದೇ ಇಲ್ಲ, ನಮ್ಮವ್ವ ಅಲ್ಲೇ ಕೂತಿರುತ್ತಾಳೆ.

"ಬರದದ್ರಾಗ ಇರೂ ತಪ್ಪ ಯಾರರ ಹಿಡೀತಾರ," ಎಂದರು ಸರ್. "ಬಿಟ್ಟದ್ದು ಹಿಡದಿ ನೋಡು. ನಾಳಿಂದ ಬಾ."

ನಿಮಗೆ ಹೇಳುವ ಮೊದಲ ಮಾತು ಇದೇ. ಪುಸ್ತಕ ಆರಿಸಬೇಕಾದರೆ ನಿಮಗೆ ಗೊತ್ತಿರುವ ಊರಿನ ಪುಟ ಮೊದಲು ಓದಿ. ನಿಮ್ಮ ಊರಿನ ಬಗ್ಗೆ ಹೇಗೆ ಬರೆದಿದ್ದಾರೋ ಕಾಣದ ಊರಿನ ಬಗ್ಗೆಯೂ ಹಾಗೆಯೇ ಬರೆದಿರುತ್ತಾರೆ. ಮುಖಪುಟದ ಫೋಟೋ ನೋಡಬೇಡಿ. ಒಳಗೆ ಸಣ್ಣ ಅಕ್ಷರದಲ್ಲಿ ಮುದ್ರಣದ ವರ್ಷ ಇರುತ್ತದೆ, ಅದನ್ನು ನೋಡಿ.

ಶಂಕ್ರಪ್ಪ ಸರ್‌ಗೆ ಪುಸ್ತಕದ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಅವರು ಹುಟ್ಟಿದ ಓಣಿ ಹಳೆಯ ಬಾಗಲಕೋಟೆಯಲ್ಲಿ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಆ ಓಣಿಯ ನಕಾಶೆಯನ್ನು ನೆನಪಿನಿಂದ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ಯಾರಾದರೂ ಪುಸ್ತಕದಲ್ಲಿ ಹೀಗೆ ಬರೆದಿದೆಯಲ್ಲ ಎಂದು ವಾದಕ್ಕೆ ನಿಂತರೆ ಆ ನಕಾಶೆಯ ಮೇಲೆ ಬೆರಳಿಟ್ಟು, ಈ ಮನೆಯ ಬಾಗಿಲು ಬಡಿದು ಬಾ ಹೋಗು ಎನ್ನುತ್ತಿದ್ದರು. ಅದಕ್ಕೇ ಅವರು ಒಂದು ಪದ್ಧತಿ ಮಾಡಿದ್ದರು. ಪುಸ್ತಕ ಒಯ್ದವರು ಮರಳಿ ತಂದಾಗ ಎದುರಿಗೆ ಕೂತು ಪುಸ್ತಕದಲ್ಲಿ ಏನು ತಪ್ಪಿತ್ತು, ಏನು ಬಿಟ್ಟಿತ್ತು ಹೇಳಬೇಕು. ನಾನು ಅದನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆದು ಆಯಾ ಪುಟಕ್ಕೆ ಅಂಟಿಸಬೇಕು. ಇದಕ್ಕೆ ತಪ್ಪಿನ ಚೀಟಿ ಎಂದು ಹೆಸರು.

ಈ ಚೀಟಿಗಳಿಂದಲೇ ನಾನು ಜಗತ್ತು ನೋಡಿದ್ದು. ಹನೋಯಿಯಲ್ಲಿ ರಸ್ತೆ ದಾಟಬೇಕಾದರೆ ನಿಲ್ಲದೆ ನಿಧಾನ ನಡೆಯುತ್ತಲೇ ಇರಬೇಕು, ಗಾಡಿಯವರೇ ಸರಿದು ಹೋಗುತ್ತಾರೆ. ಇಸ್ತಾಂಬುಲ್‌ನಲ್ಲಿ ಮೊಸರು ಸಿಗುತ್ತದೆ, ಚಿಂತೆ ಬೇಡ. ಇಂಥವನ್ನು ಬರೆಯುತ್ತ ಬರೆಯುತ್ತ ನನಗೆ ಕಾಣದ ಊರುಗಳ ತಿರುವುಗಳು ಬಾಯಿಪಾಠವಾದವು. ಬಸ್ಸು ಚೊಳಚಗುಡ್ಡಕ್ಕೆ ಬಂದದ್ದು ತಿಳಿಯದೆ ಎರಡು ಸಲ ಮುಂದೆ ಹೋಗಿದ್ದೇನೆ. ಇಳಿದು ಹಿಂದಕ್ಕೆ ನಡೆದು ಬರುವಾಗ ಕಾಲ ಕೆಳಗಿನ ದಾರಿ ಬೇರೆ ಯಾವುದೋ ದೇಶದ್ದು ಎಂದುಕೊಂಡು ನಡೆಯುತ್ತಿದ್ದೆ.

ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುವ ಪದ್ಧತಿ ನಮ್ಮ ಕಚೇರಿಗೆ ಬಂದದ್ದು ಮೂರನೆಯ ವರ್ಷ. ಕಲಿಯಬೇಕಾದರೆ ನಿನ್ನದೇ ಪಾಸ್‌ಪೋರ್ಟ್ ಮಾಡಿಕೋ ಎಂದರು ಸರ್. ಹಾಗೆ ನನಗೊಂದು ಪಾಸ್‌ಪೋರ್ಟ್ ಬಂತು. ಹತ್ತು ವರ್ಷದ ಅವಧಿ. ಆ ದಿನ ವಹಿಯಲ್ಲಿ ಬರೆದಿದ್ದೇನೆ: "ಪುಟಗಳು ೩೬. ಎಲ್ಲ ಖಾಲಿ. ಮುಂದಿನ ವರ್ಷ." ಮುಂದಿನ ವರ್ಷ ಎಂಬ ಮಾತು ಆಮೇಲಿನ ವಹಿಗಳಲ್ಲೂ ಇದೆ.

ನಾಲ್ಕನೆಯ ವಹಿಯಲ್ಲಿ ಇಳಕಲ್ಲಿನ ಗಂಗವ್ವ ಬರುತ್ತಾಳೆ. ನೇಕಾರಳು. ಕೂಡಿಸಿಟ್ಟ ದುಡ್ಡಿನಲ್ಲಿ ತನ್ನ ನೆಗೆಣ್ಣಿಯನ್ನು, ಅಂದರೆ ಓರಗಿತ್ತಿಯನ್ನು, ಕರೆದುಕೊಂಡು ಥಾಯ್ಲೆಂಡಿನ ಮಗ್ಗಗಳನ್ನು ನೋಡಿ ಬರಬೇಕೆಂದು ನಿಶ್ಚಯಿಸಿದ್ದಳು. ಕಂಪನಿ ಟೂರಿನವರು ಸಮುದ್ರ ತೋರಿಸುತ್ತಾರೆ, ಮಗ್ಗ ತೋರಿಸುವುದಿಲ್ಲ ಎಂದು ಅವಳ ದೂರು. ನಾನು ಹೊಸ ಆವೃತ್ತಿಯ, ಒಳ್ಳೆಯ ನಕಾಶೆಯ ಪುಸ್ತಕ ಕೊಟ್ಟೆ. ಅದು ದಸರೆಯ ಹೊತ್ತು. ಗಂಗವ್ವ ಪುಸ್ತಕಕ್ಕೆ ಕಾಕಿ ರಟ್ಟು ಹಾಕಿ, ಖಂಡೇನವಮಿಗೆ ಮಗ್ಗದ ಜೊತೆ ಇಟ್ಟು ಪೂಜೆ ಮಾಡಿ, ಹೊಸ ಕುಪ್ಪಸದ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು.

ತಿಂಗಳಾದ ಮೇಲೆ ಪುಸ್ತಕ ಹೋದ ಹಾಗೆಯೇ ಮರಳಿತು. ಒಂದು ಪುಟವೂ ಮಡಚಿರಲಿಲ್ಲ. ರಟ್ಟಿನ ಮೇಲೆ ಕುಂಕುಮ, ಊದಿನಕಡ್ಡಿಯ ವಾಸನೆ. ತಪ್ಪು ಏನಿತ್ತು ಎಂದು ಕೇಳಿದೆ. ಅವಳು ಅದನ್ನು ಬಿಚ್ಚಿಯೇ ಇರಲಿಲ್ಲ. ಚಿಯಾಂಗ್ ಮಾಯ್ ಊರಿನ ಕೋಣೆಯಲ್ಲಿ ಮೂಡಣ ಗೋಡೆಯ ಹಲಗೆಯ ಮೇಲೆ ಅದನ್ನಿಟ್ಟು, ದಿನಾ ಬೆಳಿಗ್ಗೆ ಕೈಮುಗಿದು, ಬರಿಗೈಯಲ್ಲಿ ಊರು ತಿರುಗಲು ಹೊರಟಿದ್ದಳು. ಎರಡನೆಯ ದಿನವೇ ನೆಗೆಣ್ಣಿಯರಿಬ್ಬರೂ ದಾರಿ ತಪ್ಪಿ ನಾಲ್ಕು ತಾಸು ಅಲೆದರು.

"ಮತ್ತ ಪುಸ್ತಕ ಯಾಕ ಒಯ್ದಿರಿ ಗಂಗಕ್ಕ?" ಎಂದೆ.

"ಸರಸ್ವತಿನ್ನ ಬಗಲಾಗ ಹಿಡಕೊಂಡು ಊರೆಲ್ಲಾ ತಿರಗಾಕ ಬರ್ತದೇನ ತಂಗಿ? ಎಲ್ಲೆಲ್ಲೆ ಕುಂದರೂದಿರ್ತೈತಿ. ಸಂಡಾಸಕ್ಕೂ ಹೋಗೂದಿರ್ತೈತಿ."

"ಮತ್ತ ಆ ಕೋಣಿಗೆ ಹೆಂಗ ಮುಟ್ಟಿದ್ರಿ?"

"ಒಂದು ಮಗ್ಗದ ಸಪ್ಪಳ ಕೇಳ್ತು. ಒಳಗ ಹೋಗಿ ನನ್ನ ಸೆರಗ ತೋರಿಸಿದ್ನಿ. ಆಕಿ ಮುಟ್ಟಿ ಮುಟ್ಟಿ ನೋಡಿದ್ಲು. ಆಮ್ಯಾಲೆ ಕೋಣಿ ಕೀಲಿ ಮ್ಯಾಲಿನ ಹೆಸರ ಓದಿ ತಾನ ಕೈ ಹಿಡದು ಕರಕೊಂಡು ಬಂದ ಬಿಟ್ಲು. ನಿಮ್ಮ ಪುಸ್ತಕದಾಗ ಆಕಿ ಹೆಸರ ಐತೇನು?"

ಇರಲಿಲ್ಲ. ಚೀಟಿಗೆ ಅದನ್ನೇ ಬರೆದು ಅಂಟಿಸಿದೆ. ನನಗೆ ನಗು ಬಂತು, ಸರ್ ಮಾತ್ರ ನಗಲಿಲ್ಲ. ಇಂಗ್ಲಿಷ್ ಬಾರದ್ದು ಇವರ ತೊಂದರೆಯಲ್ಲ, ಪುಸ್ತಕ ಭಾರ ಮತ್ತು ಪವಿತ್ರ ಎರಡೂ ಆಗಿರುವುದೇ ತೊಂದರೆ ಎಂದರು. ಇನ್ನು ಮುಂದೆ ಇಡೀ ಪುಸ್ತಕ ಕೊಡಬಾರದು, ಹೋಗುವ ಊರಿನ ಪುಟಗಳನ್ನಷ್ಟೇ ಕತ್ತರಿಸಿ ಕೊಡಬೇಕು, ಕಿಸೆಯಲ್ಲಿ ಹೋಗುವಂತಿರಬೇಕು ಎಂದು ಹೇಳಿ ಬ್ಲೇಡು ನನ್ನ ಕೈಗೆ ಕೊಟ್ಟರು.

ನನ್ನಿಂದ ಆಗಲಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು. ಬ್ಲೇಡನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. ಚಹಾ ಕುಡಿಯುತ್ತ ಕೂತಿದ್ದ ಗಂಗವ್ವ ಎದ್ದು ಬಂದು ತನ್ನ ಸೆರಗನ್ನು ಮೇಜಿನ ಮೇಲೆ ಹಾಸಿದಳು. ಒಡಲಿನ ನೂಲು ಮುಗಿದು ಸೆರಗಿನ ನೂಲು ಸುರುವಾಗುವ ಜಾಗಕ್ಕೆ ನನ್ನ ಬೆರಳನ್ನು ಒತ್ತಿದಳು. ಅಲ್ಲಿ ಸಣ್ಣ ಸಣ್ಣ ಗಂಟಿನ ಸಾಲೊಂದು ಬೆರಳಿಗೆ ತಾಗಿತು.

"ಇಳಕಲ್ ಸೀರಿ ಒಡಲಾ ಬ್ಯಾರೆ, ಸೆರಗ ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತೇವಿ. ಇದನ್ನ ನೋಡಿ ಸೀರಿ ಹರದೈತಿ ಅಂತ ಯಾರರ ಅಂದಾರೇನು? ನೀ ಕೊಯ್ಯಿ. ಕೂಡಸೂದು ನಾ ಕಲಸ್ತೇನಿ."

ಅವತ್ತೇ ಕಲಿಸಿದಳು. ಪುಟಗಳನ್ನು ಊರಿನ ಪ್ರಕಾರ ಬೇರೆ ಮಾಡುವುದು, ಪ್ರತಿ ಕಟ್ಟಿನ ಬೆನ್ನಿಗೆ ನೂಲಿನ ಕೊಂಡಿಗಳನ್ನು ಹೊಲಿಯುವುದು, ಒಂದರ ಕೊಂಡಿಯೊಳಗೆ ಇನ್ನೊಂದರ ಕೊಂಡಿ ಸೇರಿಸಿ ಒಂದು ದಾರ ಹಾಯಿಸುವುದು. ದಾರ ಎಳೆದರೆ ಬೇಕಾದ ಊರು ಹೊರಗೆ ಬರುತ್ತದೆ. ಮರಳಿದಾಗ ಮತ್ತೆ ಹಾಯಿಸಿದರೆ ಪುಸ್ತಕ ಇಡಿಯಾಗುತ್ತದೆ. ಕಪಾಟಿನಲ್ಲಿ ನೀವು ನೋಡುವ ಪುಸ್ತಕಗಳೆಲ್ಲ ಹೀಗೆ ಕೊಂಡಿ ಹಾಕಿದವು. ದಯವಿಟ್ಟು ಗೋಂದು ಹಚ್ಚಬೇಡಿ.

ಇಷ್ಟಾದ ಮೇಲೂ ನಾನು ದೊಡ್ಡ ತಪ್ಪು ಮಾಡಿದೆ. ಅದು ಒಂಬತ್ತನೆಯ ವಹಿಯಲ್ಲಿದೆ. ಹುನಗುಂದದಿಂದ ಒಬ್ಬ ಚಿತ್ರಕಲಾ ಮಾಸ್ತರರು ಬಂದರು, ಹಾದಿಮನಿ ಎಂದು ಅವರ ಅಡ್ಡಹೆಸರು. ಸಾಲಿಯಿಂದ ನಿವೃತ್ತರಾಗಿದ್ದರು. ಕಾಂಬೋಡಿಯಾದ ಕಲ್ಲಿನ ಗುಡಿಗಳನ್ನು, ಅದರಲ್ಲೂ ಬಾಂತೇ ಸ್ರೈ ಎಂಬ ಸಣ್ಣ ಕೆಂಪು ಗುಡಿಯನ್ನು, ಒಬ್ಬರೇ ಹೋಗಿ ಕೂತು ನೋಡಬೇಕು ಎಂದರು. ಗುಂಪಿನ ಜೊತೆ ಹೋದರೆ ಒಂದು ಗುಡಿಗೆ ಹತ್ತು ನಿಮಿಷ ಕೊಡುತ್ತಾರೆ. ಅವರಿಗೆ ಒಂದು ಕಂಬಕ್ಕೆ ಅರ್ಧ ದಿನ ಬೇಕಿತ್ತು.

ಆ ಗುಡಿಯ ಹೆಸರು ಕೇಳಿದ್ದೇ ಕೂತಲ್ಲಿಂದ ಎದ್ದು ಕಪಾಟಿನ ಬಾಗಿಲು ತೆಗೆದೆ. ಕಪಾಟಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಓದಿದ ಪುಟ ಅದು. ಕೆಂಪು ಮರಳುಗಲ್ಲು, ಮರದಲ್ಲಿ ಕೆತ್ತಿದಂತೆ ಸೂಕ್ಷ್ಮ ಕೆತ್ತನೆ. ಬಾದಾಮಿಯ ಕೆಂಪು ಕಲ್ಲಿನ ಮಗ್ಗುಲಲ್ಲಿ ಬೆಳೆದವಳು ಸಮುದ್ರದಾಚೆಯ ಆ ಕೆಂಪು ಕಲ್ಲನ್ನು ಕೈಯಿಂದ ಮುಟ್ಟಬೇಕು ಎಂಬುದು ನನ್ನ "ಮುಂದಿನ ವರ್ಷ"ದ ಪೂರ್ತಿ ಅರ್ಥ.

ಅದಕ್ಕೇ ಅತ್ಯುತ್ತಮವಾದದ್ದನ್ನೇ ಕೊಡಬೇಕೆಂದು ಎಲ್ಲಕ್ಕಿಂತ ಹೊಸ, ಎಲ್ಲಕ್ಕಿಂತ ದಪ್ಪ ಪುಸ್ತಕದಿಂದ ಪುಟ ಬಿಚ್ಚಿ ಕೊಟ್ಟೆ. ನಾಲ್ಕು ದಿನದಲ್ಲಿ, ಇನ್ನೂ ಪ್ರಯಾಣ ಹೊರಡುವ ಮೊದಲೇ, ಮಾಸ್ತರರು ಆ ಪುಟಗಳನ್ನು ಹಿಡಿದು ಮರಳಿ ಬಂದರು.

"ಭಾಳ ಶಾಣ್ಯಾ ಪುಸ್ತಕ ಐತಿ ತಂಗಿ," ಎಂದರು. "ನನ್ನ ಕಣ್ಣ ಅಷ್ಟ ಶಾಣ್ಯಾ ಉಳದಿಲ್ಲ."

ದವಾಖಾನೆಯವರು ಅವರಿಗೆ ಮೊದಲೇ ಹೇಳಿದ್ದರಂತೆ. ಕಣ್ಣಿನ ಹಿಂದಿನ ನರ ಸೋಲುತ್ತಿದೆ, ಕನ್ನಡಕದಿಂದ ಆಗುವುದಿಲ್ಲ, ನೋಡುವುದು ಏನಾದರೂ ಇದ್ದರೆ ಬೇಗ ನೋಡಿಕೊಳ್ಳಿ. ಅವರು ಆರಿಸಿಕೊಂಡದ್ದು ಆ ಗುಡಿ. ನಾನು ಪುಸ್ತಕವನ್ನು ನೂರು ಸಲ ನೋಡಿದ್ದೆ, ಎದುರು ಕೂತವರ ಕಣ್ಣನ್ನು ಒಂದು ಸಲವೂ ನೋಡಿರಲಿಲ್ಲ. ಸರ್ ಬೈಯಲಿಲ್ಲ. ಮೊದಲು ಮನುಷ್ಯರನ್ನು ಓದಬೇಕು ರೇಣುಕಾ ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಎಂಟು ದಿನ ಕೂತು ಆ ಪುಟಗಳನ್ನೆಲ್ಲ ಕನ್ನಡಕ್ಕೆ ಮಾಡಿ, ಚೀಟಿಗಳನ್ನೂ ಸೇರಿಸಿ, ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ಕೈಯಿಂದ ಬರೆದೆ. ಅರವತ್ತೆರಡು ಹಾಳೆ ಆಯಿತು. ಮೂರು ಕಟ್ಟು ಮಾಡಿ ಕೊಂಡಿ ಹಾಕಿದೆ. ಬೆಳಗಿನ ಬಿಸಿಲು ಯಾವ ಬಾಗಿಲಿಗೆ ಬೀಳುತ್ತದೆ, ಎಲ್ಲಿ ಮೆಟ್ಟಿಲು ಎತ್ತರ, ಎಲ್ಲಿ ನೆರಳಿಗೆ ಕೂಡಬಹುದು ಎಲ್ಲ ಬರೆದೆ. ಕಾಣದ ಊರಿನ ಬಗ್ಗೆ ಅಷ್ಟು ಧೈರ್ಯದಿಂದ ಬರೆದದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ. ಮಾಸ್ತರರು ಹೋದರು, ಸುಖವಾಗಿ ಬಂದರು ಎಂದು ಸುದ್ದಿಯೂ ಬಂತು. ಆದರೆ ಆ ಹಾಳೆಗಳು ಮರಳಲಿಲ್ಲ. ಲೆಕ್ಕದಲ್ಲಿ "ಬಾಕಿ ಒಂದು" ಎಂದು ಹೇಳಿದೆನಲ್ಲ, ಅದು ಅದೇ. ಮೂರು ವರ್ಷ ಬಾಕಿ ಉಳಿಯಿತು. ಕೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಆಮೇಲಿನ ವರ್ಷಗಳು ಬೇಗ ಸರಿದವು. ಜನ ಫೋನು ಹಿಡಿದು ಹೋಗತೊಡಗಿದರು. ಚೀಟಿ ಬರೆಸಲು ಎದುರಿಗೆ ಬಂದು ಕೂಡುವವರಿಲ್ಲ. ದನಿ ಮುದ್ರಿಸಿ ಕಳಿಸುತ್ತಿದ್ದರು, ಗಾಳಿಯ ಸಪ್ಪಳದಲ್ಲಿ ಅರ್ಧ ಮಾತು. ಮೊದಲ ವರ್ಷ ೪೧ ಪುಸ್ತಕ ಹೋಗಿದ್ದವು, ಕೊನೆಯ ವರ್ಷ ಆರು. ಫೋನಿನ ಮೇಲೆ ನನಗೆ ಸಿಟ್ಟಿಲ್ಲ. ದಾರಿ ತೋರಿಸಲು ಅದು ಒಳ್ಳೆಯದೇ. ಆದರೆ ತಿರುಗಿ ಬಂದವರ ಮುಖದಲ್ಲಿ ಮೊದಲ ಐದು ನಿಮಿಷ ಒಂದು ಬೆಳಕಿರುತ್ತದೆ. ಅದನ್ನು ನೋಡುವ ಕೆಲಸ ನನ್ನದಾಗಿತ್ತು. ಅದು ಹೋಯಿತು.

ಕಚೇರಿ ಮುಚ್ಚುವ ವಾರ ನನ್ನ ಪಾಸ್‌ಪೋರ್ಟನ್ನು ಖಾನೆಯಿಂದ ತೆಗೆದು ನೋಡಿದೆ. ಎಂಟು ತಿಂಗಳು ಉಳಿದಿತ್ತು. ಆರು ತಿಂಗಳ ಅವಧಿ ಉಳಿದಿರದಿದ್ದರೆ ಕಾಂಬೋಡಿಯಾದವರು ಒಳಗೆ ಬಿಡುವುದಿಲ್ಲ ಎಂದು ನೂರಾರು ಜನಕ್ಕೆ ಎಚ್ಚರಿಸಿದವಳು ನಾನೇ. ಅಂದರೆ ನನಗೆ ಉಳಿದದ್ದು ಎರಡೇ ತಿಂಗಳು. ಹೊಸದು ಮಾಡಿಸಿದರಾಯಿತು ಎಂದೆ.

"ಮಾಡಸು," ಎಂದರು ಸರ್. "ಮತ್ತ ಹತ್ತು ವರ್ಷ ಖಾಲಿ ಇಡಾಕ ಬರ್ತೈತಿ."

ಅವತ್ತು ಬಸ್ಸಿನಲ್ಲಿ ವಹಿಗಳನ್ನು ತಿರುವಿ, ಪರದೇಶಕ್ಕೆ ಹೋಗದೆ ಇದ್ದದ್ದಕ್ಕೆ ಬರೆದಿದ್ದ ಕಾರಣಗಳನ್ನು ಎಣಿಸಿದೆ. ಒಂಬತ್ತು. ಅವ್ವನ ಮೊಣಕಾಲು, ಸರ್ ಅವರ ಕೆಮ್ಮು, ಹೊಸ ಆವೃತ್ತಿ ಬರುವುದಿದೆ, ಮಳೆಗಾಲ, ಹೀಗೆ. ದುಡ್ಡಿಲ್ಲ ಎಂದು ಒಂದೂ ಇಲ್ಲ, ಅದು ಎಂದೋ ಕೂಡಿತ್ತು. ಯಾವ ಕಾರಣವೂ ಸುಳ್ಳಲ್ಲ. ಆದರೆ ಖರೆ ಕಾರಣ ಎಲ್ಲಿಯೂ ಬರೆದಿರಲಿಲ್ಲ. ಚೀಟಿಗಳಿಂದ ಕಟ್ಟಿಕೊಂಡ ಊರು ನನ್ನೊಳಗೆ ಅಷ್ಟು ಚೆಂದ ಇತ್ತು. ಹೋಗಿ ನೋಡಿದರೆ ಅದು ಇಲ್ಲವಾದೀತು ಎಂಬ ಅಂಜಿಕೆ. ಅದನ್ನು ಮೊದಲ ಸಲ ಬರೆದೆ, ಹತ್ತನೆಯದಾಗಿ.

ಕೊನೆಯ ದಿನ ಕಪಾಟು ಖಾಲಿ ಮಾಡುತ್ತಿದ್ದಾಗ ಹಾದಿಮನಿ ಮಾಸ್ತರರು ಬಂದರು. ಹುನಗುಂದದ ಬಸ್ಸಿನಿಂದ ಇಳಿಸಿ ಯಾರೋ ಬಾಗಿಲ ತನಕ ತಂದು ಬಿಟ್ಟಿದ್ದರು. ಕೈಯಲ್ಲಿ ಕೋಲು, ಬಗಲಲ್ಲಿ ನನ್ನ ಮೂರು ಕಟ್ಟು. ಕುರ್ಚಿಯನ್ನು ಮುಟ್ಟಿ ನೋಡಿ ಕೂತರು. ಗೆರೆ ಈಗ ಕಾಣುವುದಿಲ್ಲ, ಬಣ್ಣ ಮಾತ್ರ ಕಣ್ಣಿಗೆ ತಾಗಿಸಿ ಹಿಡಿದರೆ ತಿಳಿಯುತ್ತದೆ ಎಂದರು.

ಹಾಳೆ ತಿರುವಿದೆ. ನನ್ನ ದೊಡ್ಡ ಅಕ್ಷರಗಳ ಅಂಚಿನಲ್ಲೆಲ್ಲ ಪೆನ್ಸಿಲಿನ ಚಿತ್ರಗಳು. ಬಾಗಿಲು, ಬಳ್ಳಿ, ಕಂಬ, ಕೂತ ಸಿಂಹ, ಒಂದು ಹೆಣ್ಣಿನ ಕಿವಿಯ ಓಲೆ. ಅಲ್ಲಲ್ಲಿ ಆಕಾಶಕ್ಕೆ ನೀಲಿ, ಹುಲ್ಲಿಗೆ ಹಸಿರು ಹಚ್ಚಿದ್ದರು. ಗುಡಿಗೆ ಮಾತ್ರ ಎಲ್ಲಿಯೂ ಬಣ್ಣ ಇರಲಿಲ್ಲ. ಅಷ್ಟೂ ಚಿತ್ರದ ನಡುವೆ ಗುಡಿ ಬರಿ ಬಿಳಿ ಹಾಳೆ.

ಅಭ್ಯಾಸದಂತೆ ಚೀಟಿ, ಪೆನ್ನು ತೆಗೆದುಕೊಂಡು ಕೂತೆ. "ತಪ್ಪ ಏನಿತ್ರಿ ಮಾಸ್ತರ?"

"ಒಂದ. ಕೆಂಪ ಅಂತ ಬರದೀದಿ. ಅದು ಕೆಂಪಲ್ಲ."

"ಮತ್ತ ಯಾವ ಬಣ್ಣ ಅಂತ ಬರೀಲಿ?"

ಅವರು ಕಟ್ಟುಗಳ ಮೇಲೆ ಕೈ ಆಡಿಸಿದರು. "ಅದನ್ನ ಹುಡುಕೂದ್ರಾಗ ಮೂರ ವರ್ಷ ಹೋದವು. ಅದಕ್ಕ ಹಾಳಿ ತಂದು ಕೊಡಲಿಲ್ಲ. ಡಬ್ಬಿಯೊಳಗಿನ ಎಲ್ಲಾ ಬಣ್ಣ ಕೂಡಿಸಿ ನೋಡಿದ್ನಿ, ಬರಲಿಲ್ಲ. ಈಗ ನೆನಪೂ ಮಸಕಾಗಾಕತೈತಿ ತಂಗಿ. ಕಣ್ಣ ಹೋದದ್ದಕ್ಕ ನಾ ಅಳಲಿಲ್ಲ, ಆ ಬಣ್ಣ ಹೊಂಟದಲ್ಲ, ಅದಕ್ಕ ಬಂದೇನಿ. ನೀ ಹೋಗಿ ನೋಡಿ ಬಾ. ಬಂದು ನನಗ ಹೇಳು."

ಚೀಟಿ ಬರೆಯಲಾಗಲಿಲ್ಲ. ಶಂಕ್ರಪ್ಪ ಸರ್ ಖಾಲಿ ಕಪಾಟಿನ ಗಾಜು ಒರೆಸುತ್ತ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಮರುದಿನ ಇಳಕಲ್ಲಿಗೆ ಹೋದೆ. ಗಂಗವ್ವನಿಗೆ ವಿಷಯ ಹೇಳಿದೆ. ಬಣ್ಣವನ್ನು ಬಾಯಿಂದ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ ಎಂದಳು ಅವಳು. ನೂಲಿನ ಗಡಿಗೆ, ಪೆಟ್ಟಿಗೆ ಎಲ್ಲ ಹುಡುಕಿ, ಕೆಂಪಿನಿಂದ ಸುರುಮಾಡಿ ದಾಳಿಂಬೆ, ಇಟ್ಟಂಗಿ, ಜಾಜು, ಗುಲಾಬಿ, ಅರಿಶಿನ ಬೆರೆತ ಗುಲಾಬಿ, ಹೀಗೆ ಹತ್ತೊಂಬತ್ತು ಎಳೆ ಆರಿಸಿ ಒಂದು ಕಡ್ಡಿಗೆ ಸಾಲಾಗಿ ಸುತ್ತಿ ಕೊಟ್ಟಳು. ಕಲ್ಲಿನ ಮಗ್ಗುಲಿಗೆ ಹಿಡಿದು ಯಾವುದು ಹೊಂದುತ್ತದೋ ಆ ಎಳೆಗೆ ಗಂಟು ಹಾಕಿಕೊಂಡು ಬರಬೇಕು. ಅದನ್ನು ಮಾಸ್ತರರ ಕಣ್ಣಿಗೆ ತಾಗಿಸಿ ಹಿಡಿಯಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡು, ಹೊತ್ತಿಗೆ ತಕ್ಕಂತೆ ಬಣ್ಣ ತಿರುಗುತ್ತದೆ ಎಂದೂ ಹೇಳಿದಳು. ಇದೂ ಯಾವ ಪುಸ್ತಕದಲ್ಲಿಯೂ ಇಲ್ಲ.

ಹುಡುಗಿಯರೇ, ನನಗೆ ಗೊತ್ತಿದ್ದದ್ದು ಇಷ್ಟು. ಕಪಾಟಿನ ಬೀಗದ ಕೈ ವಾಚನಾಲಯದ ಮೇಜಿನ ಎಡ ಖಾನೆಯಲ್ಲಿದೆ. ಎರವಲಿನ ರಜಿಸ್ಟರಿನಲ್ಲಿ ಮಾಸ್ತರರ ಬಾಕಿಯನ್ನು ಹೊಡೆದು ಹಾಕಿದ್ದೇನೆ. ಮರಳಿದ್ದು ೨೮೨ ಆಯಿತು. ಅದರ ಕೆಳಗೆ ಒಂದು ಹೊಸ ಸಾಲು ಕಾಣುತ್ತದೆ.

ಕ್ರಮಸಂಖ್ಯೆ ೨೮೭. ಪುಸ್ತಕ: ಕೈಬರಹದ ಮೂರು ಕಟ್ಟು, ಅಂಚಿನಲ್ಲಿ ಚಿತ್ರಗಳಿವೆ. ಒಯ್ದವರು: ರೇಣುಕಾ, ಚೊಳಚಗುಡ್ಡ. ತಪ್ಪು: ಗುಡಿಯ ಬಣ್ಣ.

ಸರಿ ಏನು ಎಂಬ ಕಾಲಂ ಖಾಲಿ ಬಿಟ್ಟಿದ್ದೇನೆ. ಅದನ್ನು ನೀವು ತುಂಬಬೇಡಿ, ಬಂದು ನಾನೇ ತುಂಬುತ್ತೇನೆ.